ಮೂರು ದಿನ, ಮೂರು ತಾಲ್ಲೂಕು

ಸಾಗರ, ಹೊಸನಗರ, ತೀರ್ಥಹಳ್ಳಿ ಸುತ್ತೋಕೆ ಪ್ಲ್ಯಾನ್ ಮಾಡ್ತಿದ್ದೀರಾ? ಕೆಳದಿ ಅರಸರ ರಾಜಧಾನಿ ಸಾಗಿದ ದಾರಿಯನ್ನೇ ಹಿಡಿಯಿರಿ, ಸುಮ್ಮನೆ ಅಲೆದಾಟ ತಪ್ಪುತ್ತೆ.

ಮೊದಲ ದಿನ ಕೆಳದಿಯ ರಾಮೇಶ್ವರ, ಇಕ್ಕೇರಿಯ ಅಘೋರೇಶ್ವರ ದೇಗುಲ. ಎರಡೂ ಸಾಗರದ ಪಕ್ಕದಲ್ಲೇ ಇವೆ. ರಾತ್ರಿ ಅಲ್ಲೇ ಉಳಿಯಬಹುದು.

ಎರಡನೇ ದಿನ ಬೆಳಿಗ್ಗೆ ಸಿಗಂದೂರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಶರಾವತಿ ಹಿನ್ನೀರು ನಿಂತಾಗ ಊರುಗಳೇ ಮುಳುಗಿದವು, ತುಮರಿ ಸೀಮೆ ದ್ವೀಪದಂತಾಯಿತು. ಸಾಗರದ ಆಸ್ಪತ್ರೆಗೆ ಬರೋಕೂ ಲಾಂಚ್ ಕಾಯಬೇಕಿತ್ತು. ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಅಲ್ಲಿನವರು ಸುಮಾರು 60 ವರ್ಷ ಕಾದ ಸೇತುವೆ ಅದು. ಸೆಲ್ಫಿಗಂತ ನಡುವೆ ಗಾಡಿ ನಿಲ್ಲಿಸಬೇಡಿ. ತುಮರಿಯಲ್ಲಿ ಇಳಿದು, ಚಹಾ ಕುಡಿದು, ನಾಲ್ಕು ಮಾತಾಡಿ. ಅಲ್ಲಿಂದ ನಿಟ್ಟೂರಿಗೆ ಬಂದು ಜೀಪಿನಲ್ಲಿ 1343 ಮೀಟರ್ ಎತ್ತರದ ಕೊಡಚಾದ್ರಿ. ಮಳೆಗಾಲವಾದರೆ ದಾರಿ ತೆರೆದಿದೆಯಾ ಅಂತ ಮೊದಲೇ ವಿಚಾರಿಸಿ.

ಮೂರನೇ ದಿನ ಹೊಸನಗರ ತಾಲ್ಲೂಕಿನ ನಗರ ಕೋಟೆ. ಇದೇ ಹಳೆಯ ಬಿದನೂರು, ಇಕ್ಕೇರಿಯ ನಂತರದ ರಾಜಧಾನಿ. 1763ರಲ್ಲಿ ಹೈದರಾಲಿಯ ವಶವಾಯಿತು. ಮುಂದೆ ತೀರ್ಥಹಳ್ಳಿ ಕಡೆ ಕವಲೇದುರ್ಗ ಹತ್ತಿ, ಸಂಜೆಯೊಳಗೆ ಕುಪ್ಪಳಿಯ ಕುವೆಂಪು ಮನೆ ನೋಡಿ.

ಜೋಗ, ಆಗುಂಬೆಯನ್ನೂ ಇದೇ ಟ್ರಿಪ್ಪಿಗೆ ತುರುಕಬೇಡಿ. ಇನ್ನೊಮ್ಮೆ ಬರೋಕೆ ನೆಪ ಬೇಕಲ್ಲ!