ಹಿತ್ತಾಳೆಯೋ ಕಟ್ಟಿಗೆಯೋ

ಐವತ್ತೆಂಟನೆಯ ವಯಸ್ಸಿನಲ್ಲಿ ಹೆಂಗಸೊಬ್ಬಳು ಊದುವ ವಾದ್ಯ ಕಲಿಯುತ್ತೇನೆಂದು ಹೊರಟರೆ ಹುಮನಾಬಾದಿನಂಥ ಊರಿನಲ್ಲಿ ಏನೇನು ಮಾತು ಬರಬಹುದು, ನೀವೇ ಊಹಿಸಿಕೊಳ್ಳಿ. ನಮ್ಮ ಓಣಿಯವರು ಒಳ್ಳೆಯವರು, ಮುಖದ ಮೇಲೆ ಏನೂ ಅನ್ನಲಿಲ್ಲ. ಎದುರು ಮನೆಯ ಅಜ್ಜಿ ಮಾತ್ರ, "ಗ್ಯಾಸ್ ಬಂದ ಮ್ಯಾಲ ಒಲಿ ಊದೂದು ತಪ್ಪಿತ್ತು. ಮತ್ತ ಯಾಕ ಊದೂದು ಹಚ್ಕೊಂಡಿ ತಂಗಿ?" ಎಂದು ಕೇಳಿದರು. ಅದಕ್ಕೆ ಉತ್ತರ ಸ್ವಲ್ಪ ಉದ್ದದ್ದು.

ನಾನು ಹಾಡುತ್ತಿದ್ದೆ. ದೊಡ್ಡ ಹಾಡುಗಾರ್ತಿಯೇನಲ್ಲ, ಮಹಿಳಾ ಮಂಡಳದಲ್ಲಿ ಸೋಮವಾರಕ್ಕೊಮ್ಮೆ ವಚನ, ಶ್ರಾವಣದಲ್ಲಿ ದಿನಕ್ಕೊಂದು ಮನೆ, ಬಸವ ಜಯಂತಿಗೆ ಬಸವಕಲ್ಯಾಣದಲ್ಲಿ ಒಂದೆರಡು. 2021ರಲ್ಲಿ ಥೈರಾಯಿಡ್ ಗಂಟು ತೆಗೆಸಬೇಕಾಯಿತು. ಧ್ವನಿಪೆಟ್ಟಿಗೆಗೆ ಹೋಗುವ ನರ ಆ ಗ್ರಂಥಿಯ ಬೆನ್ನಿಗೇ ಹತ್ತಿಕೊಂಡು ಹಾಯುತ್ತದಂತೆ. ಗಂಟು ನರವನ್ನೂ ಅಪ್ಪಿಕೊಂಡಿತ್ತು. ಜೀವ ಉಳಿಯಿತು, ಎರಡು ಧ್ವನಿತಂತುಗಳಲ್ಲಿ ಎಡಗಡೆಯದು ಅಲುಗುವುದನ್ನು ಬಿಟ್ಟಿತು. ತರಕಾರಿಯವನ ಹತ್ತಿರ ಚೌಕಾಸಿ ಮಾಡುವಷ್ಟು ಧ್ವನಿ ಈಗಲೂ ಇದೆ. ಹಾಡಲು ಕೂತರೆ ಮಾತ್ರ ಪಂಚಮದ ಮೇಲೆ ಬರೀ ಗಾಳಿ. ಮಂಡಳದಲ್ಲಿ ನನ್ನ ಕೈಗೆ ತಾಳ ಕೊಟ್ಟರು. ಹಾಡಿದವಳಿಗೆ ತಾಳ ಹಿಡಿದು ಕೂರುವುದೆಂದರೆ, ಹಬ್ಬದ ದಿನ ಅಡುಗೆ ಮನೆಯ ಹೊರಗೆ ಕೂತು ವಾಸನೆ ಕುಡಿದಂತೆ.

ಯಜಮಾನರು ಹಾರ್ಮೋನಿಯಂ ಕೊಡಿಸುತ್ತೇನೆಂದರು. ಬೇಡವೆಂದೆ. ಅದರ ಉಸಿರು ತಿದಿಯದು. ನನಗೆ ನನ್ನ ಉಸಿರೇ ಸ್ವರವಾಗಬೇಕಿತ್ತು. ಗಂಟಲಿನ ಡಾಕ್ಟರನ್ನು ಕೇಳಿದೆ. "ಊದಬಹುದು, ಗಂಟಲಿಗೆ ಬಲ ಹಾಕಬೇಡಿ" ಎಂದರು.

ಬಸವಕಲ್ಯಾಣದಲ್ಲಿ ಮದುವೆ ಬ್ಯಾಂಡಿನ ಮಾಸ್ತರರೊಬ್ಬರಿದ್ದಾರೆ. ಅವರ ಮಗಳು ನನ್ನ ಹತ್ತಿರ ಕಲಿತವಳು, ಆ ಸಲಿಗೆಯ ಮೇಲೆ ಬಸ್ಸು ಹತ್ತಿದೆ. ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿ ಬಿಟ್ಟು ಊರೊಳಕ್ಕೆ ತಿರುಗುವವರೆಗೂ, ಮಾಸ್ತರರು ನಗುತ್ತಾರೇನೋ ಎಂಬ ಯೋಚನೆಯೇ. ಅವರು ನಗಲಿಲ್ಲ. ಗೋಡೆಗೆ ತೂಗುಹಾಕಿದ ವಾದ್ಯಗಳನ್ನು ತೋರಿಸಿ, "ಮೊದಲ ಒಂದ್ ಮಾತ್ ಹೇಳ್ರಿ ಅಕ್ಕೋರೆ. ಪಿತ್ತಲ್ ಬೇಕೋ, ಲಕಡಿ ಬೇಕೋ?" ಎಂದರು.

ಹಿತ್ತಾಳೆಯೋ, ಕಟ್ಟಿಗೆಯೋ. ಪಾತ್ರೆ ಅಂಗಡಿಯಲ್ಲಿ ಕೇಳಿದಂತಿದೆಯಲ್ಲ ಎನಿಸಿತು. ನಮ್ಮ ಹಿರಿಯರಿಗೆ ಈ ತಂಟೆ ಇರಲಿಲ್ಲ. ಇದೇ ಕಲ್ಯಾಣದಲ್ಲಿ ರಾಜ್ಯವಾಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಕ್ರಿ.ಶ. 1130ರ ಆಸುಪಾಸಿನಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ವಾದ್ಯಗಳಿಗೇ ಒಂದು ಭಾಗವಿದೆ. ಭರತನ ಕಾಲದಿಂದಲೂ ನಮ್ಮಲ್ಲಿ ತಂತಿಯದು, ತೊಗಲಿನದು, ಗಟ್ಟಿ ಲೋಹದ್ದು, ಗಾಳಿಯದು ಎಂದು ನಾಲ್ಕೇ ಬಗೆ, ಊದುವುದೆಲ್ಲ ಸುಷಿರ. ಹಿತ್ತಾಳೆ, ಕಟ್ಟಿಗೆ ಎಂದು ಬೇರೆ ಮಾಡಿದ್ದು ಪಾಶ್ಚಾತ್ಯರ ಪದ್ಧತಿ. ಪಲಟಣದ ಬ್ಯಾಂಡಿನ ಜೊತೆ ನಮ್ಮ ಮದುವೆ ಮೆರವಣಿಗೆಗೂ ಬಂತು.

ಆದರೆ ಮಾಸ್ತರರು ಬಿಡಿಸಿ ಹೇಳಿದ ಮೇಲೆ ತಿಳಿಯಿತು, ಹೆಸರು ಒಂದು, ಒಳಗಿನ ಗುಟ್ಟು ಇನ್ನೊಂದು. ಸ್ವರ ಎಲ್ಲಿ ಹುಟ್ಟುತ್ತದೆ ಎಂಬುದರ ಮೇಲೆ ಜಾತಿ. ಟ್ರಂಪೆಟ್ ಬರಿಯ ಕೊಳವೆ. ಅದರ ಬಾಯಲ್ಲಿ ಅದುರುವುದು ನಮ್ಮ ತುಟಿ. ಕ್ಲಾರಿಯೋನೆಟ್‌ನಲ್ಲಿ ಅದುರುವುದು ರೀಡು, ಅಂದರೆ ಜೊಂಡಿನ ಜಾತಿಯ ದಂಟನ್ನು ಸೀಳಿ ತೆಳ್ಳಗೆ ಹೆರೆದ ಪಟ್ಟಿ. ಸನಾದಿಗೆ ಅಂಥದು ಜೋಡಿ. ಕೊಳಲಿನಲ್ಲಿ ಏನೂ ಇಲ್ಲ, ಗಾಳಿಯೇ ರಂಧ್ರದ ಅಂಚಿಗೆ ಬಡಿದು ಸೀಳುತ್ತದೆ. ಹಾಗಾಗಿ ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಸ್ಯಾಕ್ಸೋಫೋನ್ ಅಡಿಯಿಂದ ಮುಡಿಯವರೆಗೆ ಹಿತ್ತಾಳೆಯಾದರೂ, ರೀಡಿನಿಂದಾಗಿ ಕಟ್ಟಿಗೆಯ ಕುಲಕ್ಕೆ ಸೇರಿದ್ದು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮನಸೋತ ಕದ್ರಿ ಗೋಪಾಲನಾಥರು ಅದರಲ್ಲಿ ಕರ್ನಾಟಕ ಸಂಗೀತ ನುಡಿಸಿ, 1994ರಲ್ಲಿ ಲಂಡನ್ನಿನ ಬಿಬಿಸಿ ಸಂಗೀತೋತ್ಸವದವರೆಗೂ ಕೊಂಡೊಯ್ದರು. ನಮ್ಮ ದಾಸಯ್ಯ ಊದುವ ಶಂಖವೋ, ತುಟಿಯಿಂದ ನುಡಿಯುವುದರಿಂದ ಹಿತ್ತಾಳೆಯ ಬಳಗ! ಬಂಗಾಳದಲ್ಲಿ ಸಂಜೆ ದೀಪದ ಹೊತ್ತಿಗೆ ಮನೆಯ ಹೆಂಗಸರೇ ಶಂಖ ಊದುತ್ತಾರೆ. ನಮ್ಮ ಕಡೆ ಹೆಂಗಸರ ಬಾಯಿಗೆ ಶಂಖ ಕೊಟ್ಟವರನ್ನು ನಾನು ಕಂಡಿಲ್ಲ.

ಇಷ್ಟು ಕೇಳಿದ ಮೇಲೆ ನನ್ನ ಮನಸ್ಸು ಹಿತ್ತಾಳೆಯ ಕಡೆಗೇ ಎಳೆಯಿತು. ನನ್ನದೇ ತುಟಿ, ನನ್ನದೇ ಉಸಿರು, ನಡುವೆ ಇನ್ನೊಬ್ಬರಿಲ್ಲ. ಸೊಸೆಯಾಗಿ ಬಂದಾಗಿನಿಂದ ತುಟಿಪಿಟಕ್ಕೆನ್ನದೆ ಇರು ಎಂಬುದನ್ನೇ ಕೇಳಿದ್ದವಳಿಗೆ, ತುಟಿಯನ್ನೇ ನುಡಿಸುವ ವಾದ್ಯ! ಮಾಸ್ತರರು ಹಳೆಯ ಟ್ರಂಪೆಟ್ ಒಂದನ್ನು ತಿಂಗಳ ಮಟ್ಟಿಗೆ ಕೊಟ್ಟರು. ಮೊದಲು ವಾದ್ಯವಿಲ್ಲದೆ ತುಟಿ ಬಿಗಿಹಿಡಿದು ಬುರ್‍ರ್ ಎನ್ನಿಸಬೇಕು. ಕೂಸು ಹಾಗೆ ಮಾಡಿದರೆ ಮಳೆ ಬರುತ್ತದೆ ಎನ್ನುತ್ತಿದ್ದರು ನಮ್ಮವ್ವ. ನಾನು ನಾಲ್ಕು ದಿನ ಬುರ್‍ರ್ ಎಂದೆ, ಮಳೆಯಂತೂ ಬರಲಿಲ್ಲ. ಐದನೆಯ ದಿನ ಕೊಳವೆಯೊಳಗಿಂದ ಷಡ್ಜ ಹೊರಟಿತು ನೋಡಿ, ಮೈ ಜುಮ್ಮೆಂದಿತು. ಮೂರು ಗುಂಡಿಗಳಲ್ಲಿ ಒಂದನ್ನೂ ಒತ್ತದೆ, ತುಟಿಯ ಬಿಗಿಯಿಂದಲೇ ಸ, ಪ, ಮೇಲಿನ ಸ ಬರುತ್ತವೆ.

ಓಣಿಗೆಲ್ಲ ಗೊತ್ತಾಗಿದ್ದು ಆ ದಿನವೇ. ಕೊಳಲನ್ನು ಕದ್ದು ಕಲಿಯಬಹುದು, ಟ್ರಂಪೆಟ್ ಸಾಧ್ಯವಿಲ್ಲ. "ಬ್ಯಾಂಡಿನವರ ಕೆಲಸ ನಿಮಗ್ಯಾಕ್ರೀ?" ಎಂದು ನೆಂಟರೊಬ್ಬರು ಫೋನಿನಲ್ಲಿ ಕೇಳಿದರು. ಕಿನ್ನರಿ ನುಡಿಸಿದ ಬೊಮ್ಮಯ್ಯ, ಢಕ್ಕೆ ಬಾರಿಸಿದ ಬೊಮ್ಮಣ್ಣ ಶರಣರ ಸಾಲಿನಲ್ಲಿ ಕೂತವರು. ಅವರ ಹೆಸರು ಹೇಳುವ ನಾವು ಮದುವೆಯಲ್ಲಿ ಬ್ಯಾಂಡಿನವರನ್ನು ವರನ ಮುಂದೆ ಕುಣಿಸಿ, ಊಟಕ್ಕೆ ಕೊನೆಯ ಪಂಕ್ತಿಯಲ್ಲಿ ಕೂರಿಸುತ್ತೇವೆ. ಈ ಮಾತು ಹೇಳಿದೆ. ಫೋನು ಕಟ್ಟಾಯಿತು.

ಟ್ರಂಪೆಟ್ ಬಿಟ್ಟದ್ದು ನೆಂಟರ ಮಾತಿಗಲ್ಲ. ಮೇಲಿನ ಸ್ವರಕ್ಕೆ ಹೋದಂತೆ ಗಾಳಿಯ ಒತ್ತಡ ಹೆಚ್ಚು ಬೇಕು, ನನಗೆ ತಿಳಿಯದೆಯೇ ಗಂಟಲು ಬಿಗಿಯುತ್ತಿತ್ತು. ಡಾಕ್ಟರು ಬೇಡವೆಂದದ್ದೇ ಅದು. ಕ್ಯಾಪು ಹಾಕಿಸಿದ ಮುಂದಿನ ಹಲ್ಲೂ ನೋಯತೊಡಗಿತು. ಎಲ್ಲಕ್ಕಿಂತ ಹೆಚ್ಚಾಗಿ, ಗುಂಡಿಯ ವಾದ್ಯದಲ್ಲಿ ಸ್ವರ ಮೆಟ್ಟಿಲು ಹತ್ತುತ್ತದೆ, ಜಾರುವುದು ಕಷ್ಟ. ಮಾಣಿಕನಗರದ ದತ್ತ ಜಯಂತಿಯಲ್ಲಿ ಸಂಗೀತ ಕೇಳಿ ಬೆಳೆದ ಕಿವಿ ಇದು. ಮೀಂಡ್ ಇಲ್ಲದ ವಚನ ನನಗೆ ಲೆಕ್ಕ ಒಪ್ಪಿಸಿದ ಹಾಗೆ ಕೇಳುತ್ತದೆ. "ಟ್ರಂಪೆಟ್ ಹಾಡು ಕೂಗ್ತದ ಅಕ್ಕೋರೆ, ಕ್ಲಾರಿಯೋನೆಟ್ ಹಾಡು ಹೇಳ್ತದ" ಎಂದರು ಮಾಸ್ತರರು.

ಸನಾದಿಯ ಆಸೆಯೂ ಇತ್ತು. 1977ರ 'ಸನಾದಿ ಅಪ್ಪಣ್ಣ' ಚಿತ್ರದಲ್ಲಿ ರಾಜಕುಮಾರ್ ತುಟಿಗಿಟ್ಟ ಸನಾದಿಗೆ ನಾದ ಕೊಟ್ಟವರು ಬಿಸ್ಮಿಲ್ಲಾ ಖಾನರು. ಅದನ್ನು ಕೇಳಿದ ಯಾರಿಗೆ ಆಸೆಯಾಗುವುದಿಲ್ಲ? ಆದರೆ ಆ ಪುಟ್ಟ ಜೋಡಿ ಪಟ್ಟಿಗೂ ಬಹಳ ಒತ್ತಡ ಬೇಕು. ಕೊಳಲಿನಲ್ಲಿ ಅರ್ಧ ಉಸಿರು ಹೊರಗೇ ಹೋಗುತ್ತದೆ. ನನ್ನದು ಮೊದಲೇ ಸೋರುವ ಗಂಟಲು.

ಉಳಿದದ್ದು ಕ್ಲಾರಿಯೋನೆಟ್. ರಾಯಚೂರಿನ ಪಂಡಿತ ನರಸಿಂಹಲು ವಡವಾಟಿಯವರು ಇದರಲ್ಲೇ ಹಿಂದೂಸ್ತಾನಿ ರಾಗಗಳನ್ನು ನುಡಿಸಿ ಹೆಸರಾದವರು. ಬ್ಯಾಂಡಿನ ವಾದ್ಯವೆಂದು ಮೂಗು ಮುರಿಯುವವರಿಗೆ ಆ ಹೆಸರು ಸಾಕು. ರಂಧ್ರದ ಮೇಲಿಂದ ಬೆರಳನ್ನು ಮೆಲ್ಲಗೆ ಸರಿಸಿದರೆ ಸ್ವರ ಜಾರುತ್ತದೆ. ಹಲ್ಲಿನ ಕೆಳಗೆ ರಬ್ಬರಿನ ತುಂಡು ಅಂಟಿಸಿದರೆ ನೋವಿಲ್ಲ. ಕಷ್ಟವೂ ಇದೆ: ಕೊಳಲಿನಲ್ಲಿ ಜೋರಾಗಿ ಊದಿದರೆ ಅದೇ ಬೆರಳಿಗೆ ಮೇಲಿನ ಸಪ್ತಕ ಸಿಗುತ್ತದೆ, ಇದರಲ್ಲಿ ಸಪ್ತಕ ದಾಟಿ ಇನ್ನೂ ಐದು ಸ್ವರ ಮೇಲಕ್ಕೆ ನೆಗೆಯುತ್ತದೆ, ಬೆರಳ ಲೆಕ್ಕವೆಲ್ಲ ಬೇರೆ. ಮೊದಲ ವಾರ ಬಾಗಿಲ ತಿರುಗಣಿಗೆ ಎಣ್ಣೆ ಬಿಡದಂಥ ಕಿರುಚಾಟ. ನಮ್ಮ ಬೆಕ್ಕು ಪಕ್ಕದ ಮನೆ ಸೇರಿತು.

ತುಟಿ ಬಿಟ್ಟು ರೀಡಿಗೆ ಬಂದೆನಲ್ಲ, ನನ್ನ ಬದಲು ಒಂದು ಕಡ್ಡಿ ಮಾತಾಡುತ್ತಿದೆಯಲ್ಲ ಎಂದು ಮೊದಮೊದಲು ಕೊರಗಿತ್ತು. ಒಂದು ರಾತ್ರಿ ರೀಡು ಒರೆಸಿಡುವಾಗ ಹೊಳೆಯಿತು: ಗಂಟಲಲ್ಲಿದ್ದದ್ದೂ ಉಸಿರಿಗೆ ಅದುರುವ ಎರಡು ಪಟ್ಟಿಗಳೇ ತಾನೆ? ನನಗೀಗ ಅಲುಗುವುದು ಒಂದು. ಕ್ಲಾರಿಯೋನೆಟ್‌ಗೆ ಇರುವುದೂ ಒಂದೇ. ಯಜಮಾನರನ್ನು ಎಬ್ಬಿಸಿ ಹೇಳಿದೆ. "ಮಲಕೋ" ಎಂದರು.

ಮಂಡಳದಲ್ಲಿ ನಾವು ಹಾಡುವುದು ಕಪ್ಪು ಐದರಲ್ಲಿ. ಬ್ಯಾಂಡಿನ ಕ್ಲಾರಿಯೋನೆಟ್‌ನ ಮೂಲ ಸ್ವರವೂ ಅದೇ, ಹೊಂದಿಸುವ ಗೋಜಿಲ್ಲ. ಈ ಶ್ರಾವಣದಲ್ಲಿ ಅವರೆಲ್ಲ ಹಾಡುವಾಗ ನಾನು ಹಿಂದೆ ಕೂತು ಷಡ್ಜ ಹಿಡಿಯುವುದೆಂದು ಮಾತಾಗಿದೆ. ತಾಳ ಬೇರೆಯವರ ಕೈಗೆ. ಒಂದು ಸಾಲು ಮುಗಿಯಲು ಹದಿನಾರು ಎಣಿಕೆಯ ಉಸಿರು ಬೇಕು. ನಿನ್ನೆಗೆ ಹನ್ನೊಂದಾಗಿದೆ.