ಒಂಬತ್ತು ಪಾಯಿಂಟ್ ಒಂಬತ್ತು

ಸುತ್ತಿಗೆಯ ಮರದ ಹಿಡಿಯಿಂದ ದೋಣಿಯ ಹಿಂಬದಿಯ ಹಲಗೆಯನ್ನು ಬಡಿದು ನೋಡಿ. ಮೆಲ್ಲಗೆ, ಎಡಗಡೆಯಿಂದ. ಟಕ್, ಟಕ್. ಗಟ್ಟಿ ಇದೆ. ನಡುವಿಗೆ ಬನ್ನಿ. ಹಳೆಯ ಎಂಜಿನ್ನಿನ ತಿರುಪುಗಳು ಕಚ್ಚಿ ಕಚ್ಚಿ ಎರಡು ಗುಂಡಿ ಬಿದ್ದ ಜಾಗದಲ್ಲಿ ಸದ್ದು ಬದಲಾಗುತ್ತದೆ: ದಬ್.

ಮೆಕ್ಯಾನಿಕ್ ಹುಡುಗ ತಿರುಗುತ್ತಾನೆ. "ಮಾವ, ಇಲ್ ಕಾಣಿ. ಒಳ್ಗಿನ್ ಹಲ್ಗಿ ಹಾಳಾಯ್ತ್."

ದೋಣಿಯ ನೆರಳಿನಲ್ಲಿ ಕೂತ ಯಜಮಾನರು ಎಲೆಗೆ ಸುಣ್ಣ ಹಚ್ಚುತ್ತಿದ್ದಾರೆ. ತಲೆ ಎತ್ತುವುದಿಲ್ಲ. ಅವರಿಗೆ ಇದು ಮೊದಲೇ ಗೊತ್ತಿತ್ತು.

ನೀವು ನಿಂತಿರುವುದು ಗಂಗೊಳ್ಳಿಯ ಹೊಳೆಬದಿಯಲ್ಲಿ. ಐದು ಹೊಳೆಗಳು ಕೂಡಿ ಕಡಲು ಸೇರುವ ಅಳಿವೆ ಇಲ್ಲಿಂದ ಕಾಣುತ್ತದೆ. ಮೇ ತಿಂಗಳ ಬಿಸಿಲಿಗೆ ಮರಳು ಹತ್ತು ಗಂಟೆಗೇ ಕಾಲು ಸುಡುತ್ತಿದೆ. ಮಳೆ ಹಿಡಿಯುವ ಮುಂಚೆ ಈ ಹಳೇ ಫೈಬರ್ ದೋಣಿಗೆ ಎಂಜಿನ್ ಕೂರಬೇಕು.

ಹೊರಗೆ ಫೈಬರ್ ಎಂದು ಕಾಣುವ ಈ ಹಿಂಬದಿಯ ಒಳಗಿರುವುದು ಪ್ಲೈವುಡ್. ಬೋಲ್ಟು ಹೊಡೆದ ತೂತುಗಳಲ್ಲಿ ವರ್ಷಗಟ್ಟಲೆ ಉಪ್ಪುನೀರು ಇಳಿದಿದೆ. ದೋಣಿಯನ್ನು ಮುಂದಕ್ಕೆ ತಳ್ಳುವ ಅಷ್ಟೂ ಬಲ ಬೀಳುವುದು ಈ ಒಂದು ಹಲಗೆಯ ಮೇಲೆ. ಹಳೇ ದೋಣಿಗೆ ಎಂಜಿನ್ ಕೊಳ್ಳುವವರು ಮೊದಲ ದುಡ್ಡು ಸುರಿಯಬೇಕಾದದ್ದು ಇಲ್ಲಿಗೆ. ಎಂಜಿನ್ ಮಾರುವವರು ಈ ಮಾತನ್ನು ತಾವಾಗಿ ತೆಗೆಯುವುದು ಅಪರೂಪ.

"ಹದಿನೈದ್ ಹಾಕ್ವ ಅಪ್ಪಯ್ಯ," ಎನ್ನುತ್ತಾನೆ ಮಗ. ಅವನ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಹಲವು ಟೂ ಸ್ಟ್ರೋಕ್ ಎಂಜಿನ್ನುಗಳಲ್ಲಿ 9.9 ಮತ್ತು 15 ಅಶ್ವಶಕ್ತಿಯವು ಒಂದೇ ಮೈಕಟ್ಟಿನ ಅಣ್ಣತಮ್ಮಂದಿರು. ತೂಕದಲ್ಲಿ ಹೇಳಿಕೊಳ್ಳುವ ಅಂತರವಿಲ್ಲ. ಹಾಗಿದ್ದಮೇಲೆ ಸಣ್ಣದು ಯಾಕೆ?

ಯಜಮಾನರು ಎಲೆಯನ್ನು ದವಡೆಗೆ ಸೇರಿಸುತ್ತಾರೆ. "ಮಳಿಗಾಲ್ದಗೆ ಎಂತ ಮಾಡುದ್? ಮನಿಯಗೆ ಕೂಕಂಬುದಾ?"

ಎಲ್ಲಾ ಲೆಕ್ಕ ಬಂದು ನಿಲ್ಲುವುದು ಅಲ್ಲಿಗೇ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. 10 ಅಶ್ವಶಕ್ತಿಯವರೆಗಿನ ಮೋಟಾರು ಕಟ್ಟಿದ ನಾಡದೋಣಿಗಳಿಗೆ ಮಾತ್ರ ಬಾಗಿಲು ತೆರೆದಿರುತ್ತದೆ. ದೊಡ್ಡ ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿಬಿದ್ದ ಆ ದಿನಗಳಲ್ಲಿ ಸಿಕ್ಕ ಸಿಗಡಿಗೆ, ಬಂಗುಡೆಗೆ ಬರುವ ಬೆಲೆಯೇ ಬೇರೆ. ಹದಿನೈದು ಹಾಕಿದರೆ ಆ ಎರಡು ತಿಂಗಳು ಎಂಜಿನ್ ಮನೆಯ ಮೂಲೆಯಲ್ಲಿರಬೇಕು. 9.9 ಎಂಬ ವಿಚಿತ್ರ ಅಂಕಿ ನಮಗಾಗಿ ಹುಟ್ಟಿದ್ದಲ್ಲ, ಅಮೆರಿಕದ ಎಷ್ಟೋ ಕೆರೆಗಳಲ್ಲೂ ಇಂಥದೇ ಹತ್ತರ ಗೆರೆ ಇದೆ. ಆದರೂ ಗಂಗೊಳ್ಳಿಯ ಜೂನ್ ತಿಂಗಳಿಗೆ ಹೇಳಿ ಮಾಡಿಸಿದಂತಿದೆ. ಮಗ ಮತ್ತೆ ಮಾತಾಡುವುದಿಲ್ಲ.

ಈಗ ಟೇಪಿನ ತುದಿ ಹಿಡಿದುಕೊಳ್ಳಿ. ಎಂಜಿನ್ ಕೂರುವ ಅಂಚಿನಿಂದ ದೋಣಿಯ ತಳದವರೆಗೆ ನೇರ ಇಳಿಸಿ. ಹದಿನೇಳು ಇಂಚು. ಹುಡುಗ ತಲೆ ಕೆರೆದುಕೊಳ್ಳುತ್ತಾನೆ. ಸಣ್ಣ ಶಾಫ್ಟಿನ ಎಂಜಿನ್ನಿಗೆ ಬೇಕಾದ ಎತ್ತರ 15 ಇಂಚು, ಉದ್ದ ಶಾಫ್ಟಿನದಕ್ಕೆ 20. ಯಾವುದೋ ಕಾಲದ ರಿಪೇರಿಯಲ್ಲಿ ಹಲಗೆಯ ತಲೆ ಕತ್ತರಿಸಿಹೋಗಿದೆ. ಪ್ರೊಪೆಲ್ಲರಿನ ಮೇಲೆ ರೆಕ್ಕೆಯಂತೆ ಚಾಚಿದ ತಟ್ಟೆ ದೋಣಿಯ ತಳದ ಮಟ್ಟಕ್ಕೆ ಹೆಚ್ಚುಕಮ್ಮಿ ಸಮ ಬರಬೇಕು. ಮೇಲಾದರೆ ಅಲೆ ಎತ್ತಿದಾಗಲೆಲ್ಲ ಪ್ರೊಪೆಲ್ಲರ್ ಗಾಳಿ ಕುಡಿದು ಎಂಜಿನ್ ಸುಮ್ಮನೆ ಕಿರುಚುತ್ತದೆ, ದೋಣಿ ಸರಿಯುವುದಿಲ್ಲ. ಅಳಿವೆಯ ಒಡೆಯುವ ತೆರೆಯಲ್ಲಿ ಒಂದು ಗಳಿಗೆ ಹಾಗಾದರೂ ದೋಣಿ ಅಡ್ಡ ತಿರುಗುತ್ತದೆ. ಮಗುಚಲು ಅಷ್ಟು ಸಾಕು. ಶಾಫ್ಟ್ ತೀರಾ ಕೆಳಗಿಳಿದರೂ ನೀರಿನ ಎಳೆತಕ್ಕೆ ವೇಗ ಸಾಯುತ್ತದೆ.

"ಉದ್ದದ್ದೇ ತಕಂಬ. ಹಲ್ಗಿ ಮೂರಿಂಚ್ ಏರ್ಸುವ," ಎಂದು ಹುಡುಗ ತೀರ್ಮಾನಿಸುತ್ತಾನೆ. ಹೇಗೂ ಒಳಗಿನ ಹಲಗೆ ಬದಲಿಸಬೇಕು. ಅಂಚು ಏರಿದರೆ ಹಿಂದಿನಿಂದ ನುಗ್ಗುವ ತೆರೆಗೂ ತಡೆಯಾಗುತ್ತದೆ.

ಅವನ ಶೆಡ್ಡಿಗೆ ಬನ್ನಿ. ಮರದ ಸ್ಟ್ಯಾಂಡಿನಲ್ಲಿ ಎರಡು ಎಂಜಿನ್ ನೇತಾಡುತ್ತಿವೆ: ಸೀಮೆಎಣ್ಣೆಯ ಟೂ ಸ್ಟ್ರೋಕ್ ಒಂದು, ಪೆಟ್ರೋಲಿನ ಫೋರ್ ಸ್ಟ್ರೋಕ್ ಇನ್ನೊಂದು. ಮೊದಲನೆಯದನ್ನು ಎತ್ತಿ ನೋಡಿ. 40 ಕಿಲೋದ ಆಸುಪಾಸು. ಎರಡನೆಯದಕ್ಕೆ ಇನ್ನೊಂದು ಐದಾರು ಕಿಲೋ ಸೇರಿಸಿಕೊಳ್ಳಿ. ಕಾಗದದ ಮೇಲೆ ಅದು ಏನೂ ಅಲ್ಲ. ಕಡಲಿಂದ ಬಂದು ಎಂಜಿನ್ ಬಿಚ್ಚಿ, ಹೆಗಲ ಮೇಲಿಟ್ಟು ಒದ್ದೆ ಮರಳಲ್ಲಿ ಕಾಲು ಹೂತುಕೊಂಡು ನಡೆಯುವವರಿಗೆ ಬಹಳ. ಫೋರ್ ಸ್ಟ್ರೋಕನ್ನು ಕಂಡಕಂಡ ಹಾಗೆ ಮಲಗಿಸುವಂತೆಯೂ ಇಲ್ಲ. ಕಂಪನಿ ಹೇಳಿದ ಮಗ್ಗುಲಿಗೇ ಮಲಗಿಸಬೇಕು, ಇಲ್ಲದಿದ್ದರೆ ತಳದ ಆಯಿಲ್ ಸಿಲಿಂಡರಿಗೆ ನುಗ್ಗುತ್ತದೆ.

ಸೀಮೆಎಣ್ಣೆಯದಕ್ಕೆ ಅದರದೇ ಕಿರಿಕಿರಿ. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲು. ಮರೆತರೆ ಮರುದಿನ ಬೆಳಗಿನ ಜಾವ ಹಗ್ಗ ಎಳೆದೆಳೆದು ತೋಳು ಸೋಲುತ್ತದೆ. ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಹೊಗೆ ಮುಖಕ್ಕೇ ಬಡಿಯುತ್ತದೆ. ಸಬ್ಸಿಡಿಯ ಸೀಮೆಎಣ್ಣೆ ಸಮಯಕ್ಕೆ ಬಾರದಿದ್ದರೆ ಲೆಕ್ಕವೆಲ್ಲ ತಲೆಕೆಳಗು. ನನ್ನನ್ನು ಕೇಳಿದರೆ ಫೋರ್ ಸ್ಟ್ರೋಕ್ ಎನ್ನುತ್ತೇನೆ: ಕಡಿಮೆ ಕುಡಿಯುತ್ತದೆ, ಎಣ್ಣೆ ಬೆರೆಸುವ ಗೋಜಿಲ್ಲ. ಆದರೆ ಹೊರುವ ಹೆಗಲು ನನ್ನದಲ್ಲ.

ಯಜಮಾನರು ಎರಡನ್ನೂ ಸುತ್ತಿ ಬರುತ್ತಾರೆ. ಟೂ ಸ್ಟ್ರೋಕಿನ ಮುಚ್ಚಳ ತೆಗೆಸಿ ಒಳಗೆ ಬಗ್ಗುತ್ತಾರೆ. "ಕಡ್ಲಗೆ ಬಿದ್ರೆ?"

"ಸಿಹಿನೀರಗೆ ತೊಳ್ದ್, ಪ್ಲಗ್ ತೆಗ್ದ್, ಎಣ್ಣಿ ಬಿಟ್ರೆ ಸಂಜಿಗೆ ಚಾಲೂ ಆತ್ತ್ ಮಾವ. ಇನ್ನೊಂದ್ ಪೂರಾ ಬಿಚ್ಕ್."

ಮುಂದಿನದು ಬರೀ ದುಡ್ಡಿನ ಮಾತು, ಬೇಗ ಮುಗಿಯುತ್ತದೆ. ಮಗ ಈಗ ಪ್ರೊಪೆಲ್ಲರಿಗೆ ತಗಾದೆ ತೆಗೆದಿದ್ದಾನೆ: ದೊಡ್ಡ ಪಿಚ್ಚಿನದು, ಅಂದರೆ ಒಂದೊಂದು ಸುತ್ತಿಗೂ ಹೆಚ್ಚು ದೂರ ತಳ್ಳುವಂಥದು, ಕೊಟ್ಟರೆ ದೋಣಿ ಹಾರುತ್ತದಲ್ಲ? ಖಾಲಿ ದೋಣಿಯಾದರೆ ಹಾರಬಹುದು. ಬಲೆ, ಮಂಜುಗಡ್ಡೆ, ಮೂರು ಆಳು ಹತ್ತಿದಮೇಲೆ ಎಂಜಿನ್ ತನ್ನ ಪೂರ್ತಿ ಸುತ್ತು ಮುಟ್ಟದೆ ಏದುತ್ತದೆ. ಪಿಚ್ ಒಂದು ಇಂಚು ಇಳಿಸಿದರೆ ನಿಮಿಷಕ್ಕೆ ಸುಮಾರು ಇನ್ನೂರು ಸುತ್ತು ಮರಳಿ ಸಿಗುತ್ತದೆ. ಹುಡುಗ ಗೋಡೆಯ ಮೊಳೆಯಿಂದ ಸಣ್ಣ ಪಿಚ್ಚಿನದೊಂದನ್ನು ಇಳಿಸಿ ಮಗನ ಕೈಗೆ ಕೊಡುತ್ತಾನೆ. "ಬಲಿ ತುಂಬ್ಸಿ ಓಡ್ಸಿ ಕಾಂಬ. ಕಮ್ಮಿ ಆರೆ ಬದ್ಲ್ ಮಾಡುವ."