ಫ್ಯಾನ್ ಹಾಕಿದ್ರೆ ಏರುವ ವೋಲ್ಟು

ನಮ್ಮ ಚಿಕ್ಕಪ್ಪನ ಹಳೇ 407 ಲಾರಿ ಒಂದೂವರೆ ವರ್ಷದಲ್ಲಿ ಮೂರು ಬ್ಯಾಟರಿ ತಿಂದಿತ್ತು. ಒಂದೊಂದಕ್ಕೂ 8,000 ರೂಪಾಯಿ ಹತ್ತಿರ. ನೊಣವಿನಕೆರೆ, ತುರುವೇಕೆರೆ ಕಡೆ ತೋಟಗಳಿಂದ ಕಾಯಿ, ಕೊಬ್ಬರಿ ತುಂಬಿ ತಿಪಟೂರು ಎಪಿಎಂಸಿಗೆ ಇಳಿಸೋದು ಅದರ ಕೆಲಸ. ನುಸಿ, ಕಾಂಡ ಸೋರೋ ರೋಗ ಅಂತ ಇಳುವರಿ ಬಿದ್ದ ಮೇಲೆ ಮನೆ ನಡೀತಿರೋದೇ ಆ ಬಾಡಿಗೆಯಲ್ಲಿ. "ಮಾರಿಬಿಡೋಣ ಅಂತಿದೀನಿ ಕಣೋ" ಅಂತ ಅವರು ಫೋನಲ್ಲಿ ಅಂದಾಗ ಗಾಬರಿಯಾಗಿ ಶನಿವಾರವೇ ರೈಲು ಹತ್ತಿದೆ.

ವಾರಕ್ಕೊಮ್ಮೆ ಬ್ಯಾಟರಿ ನೀರು ಹಾಕಬೇಕು, ಮುಚ್ಚಳದ ಸುತ್ತ ಒದ್ದೆ, ಕೊಳೆತ ಮೊಟ್ಟೆ ವಾಸನೆ. ಹೆಡ್‌ಲೈಟ್ ಬಲ್ಬ್ ಬೇರೆ ಪದೇ ಪದೇ ಸುಡ್ತಿತ್ತು. ಒಂದು ರಾತ್ರಿ ಕಿಬ್ಬನಹಳ್ಳಿ ಕ್ರಾಸ್ ಹತ್ತಿರ ಎರಡೂ ಒಟ್ಟಿಗೆ ಹೋಗಿ, ಯಾವುದೋ ಲಾರಿಯ ಹಿಂದೆ ಅಂಟಿಕೊಂಡು ಊರು ಸೇರಿದ್ದರಂತೆ. ಬ್ಯಾಟರಿ ಅಂಗಡಿಯವರು ಬ್ಯಾಟರಿಯೇ ವೀಕು ಅಂದರು. ಗ್ಯಾರೇಜಿನವರು ಡೈನಮೋ ಬದಲಾಯಿಸಿ ಅಂದರು. ಡೈನಮೋ ಅಂದ್ರೆ ಆಲ್ಟರ್ನೇಟರ್. ನಮ್ಮ ಕಡೆ ಆ ಹೆಸರು ಇನ್ನೂ ಬಿಟ್ಟಿಲ್ಲ.

ಬಿ.ಎಚ್. ರಸ್ತೆಯಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ಇದ್ದಾರೆ, ಎಲ್ಲರಿಗೂ ಮೇಸ್ತ್ರಿ. ಅವರು ಒಂದು ಸ್ಪ್ಯಾನರ್ ಕೂಡ ಮುಟ್ಟದೆ ಬ್ಯಾಟರಿಗೆ ಮೀಟರ್ ಇಟ್ಟರು. ಇಂಜಿನ್ ಆಫ್ ಇದ್ದಾಗ 12.7. ಸ್ಟಾರ್ಟ್ ಮಾಡಿ ಸ್ವಲ್ಪ ರೇಸ್ ಕೊಟ್ಟರೆ 15.2. ಹೆಚ್ಚೆಂದರೆ 14.5 ಇರಬೇಕಾದ ಜಾಗ ಅದು. ಬಲ್ಬು ಯಾಕೆ ಸುಡುತ್ತೆ ಅಂತ ಅಲ್ಲೇ ಗೊತ್ತಾಯ್ತು: ವೋಲ್ಟೇಜ್ ಶೇ. 5ರಷ್ಟು ಏರಿದರೆ ಸಾಕು, ಬಲ್ಬಿನ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತೆ.

ಆಮೇಲೆ ಮೇಸ್ತ್ರಿ ಕ್ಯಾಬಿನ್ ಫ್ಯಾನ್ ಹಾಕಿಸಿದರು. ಟೇಪು ಹಾಕಿಸಿದರು. ಮೀಟರ್ 15.8ಕ್ಕೆ ಏರಿತು! ಲೋಡ್ ಹಾಕಿದರೆ ವೋಲ್ಟು ಇಳೀಬೇಕು ಅಲ್ವಾ? ಇಂಜಿನಿಯರಿಂಗ್ ಓದಿದ ನಾನು ಬಾಯಿಬಿಟ್ಟು ನೋಡ್ತಿದ್ದೆ.

ವಿಷಯ ಇಷ್ಟೇ. ಎಷ್ಟು ಕರೆಂಟು ಹುಟ್ಟಿಸಬೇಕು ಅಂತ ಆಲ್ಟರ್ನೇಟರ್ ತಾನೇ ತೀರ್ಮಾನಿಸಲ್ಲ. ರೆಗ್ಯುಲೇಟರ್, ಅಂದ್ರೆ ಇಲ್ಲಿಯವರ ಬಾಯಲ್ಲಿ ಕಟೌಟ್, ವೋಲ್ಟೇಜ್ ನೋಡ್ಕೊಂಡು ಒಳಗಿನ ರೋಟರ್ ಕಾಯಿಲ್‌ಗೆ ಕೊಡೋ ಕರೆಂಟನ್ನ ಹೆಚ್ಚುಕಮ್ಮಿ ಮಾಡುತ್ತೆ. ಈ ಲಾರಿಯ ಕಟೌಟ್ ಬ್ಯಾಟರಿಯನ್ನ ನೇರವಾಗಿ ನೋಡಲ್ಲ. ಇಗ್ನಿಷನ್ ಕೀಯಿಂದ ಫ್ಯೂಸ್ ಬಾಕ್ಸ್ ದಾಟಿ ಬರೋ ವೈರಲ್ಲಿ ನೋಡುತ್ತೆ. ಮೇಸ್ತ್ರಿ ಆ ವೈರಿನ ತುದಿಯಲ್ಲಿ ಮೀಟರ್ ಇಟ್ಟರೆ 14.3. ಕಟೌಟ್ ಪ್ರಕಾರ ಎಲ್ಲಾ ಸರಿಯಿದೆ. ಮಧ್ಯದ ಒಂದೂವರೆ ವೋಲ್ಟು ದಾರಿಯಲ್ಲೇ ಕಳೆದುಹೋಗ್ತಿತ್ತು. ಯಾರೋ ಫ್ಯಾನು, ಟೇಪು ಎರಡನ್ನೂ ಅದೇ ಲೈನಿಗೆ ಸೇರಿಸಿದ್ದರಿಂದ, ಅವು ಓಡಿದಷ್ಟೂ ಕಟೌಟ್‌ಗೆ ಕಮ್ಮಿ ಕಾಣೋದು, ಅದು ಇನ್ನಷ್ಟು ತುಂಬಿಸೋದು. ಹೊಸ ಆಲ್ಟರ್ನೇಟರ್ ಹಾಕಿದ್ದರೂ ಇದೇ ಕಥೆ.

ಫ್ಯೂಸ್ ಬಾಕ್ಸ್ ಬಿಚ್ಚಿದರೆ ಒಂದು ಜಾಯಿಂಟ್ ತುಂಬಾ ಹಸಿರು ಕಿಲುಬು. ಕುದಿಯೋ ಬ್ಯಾಟರಿಯ ಆಸಿಡ್ ಹೊಗೆಯೂ ಅದಕ್ಕೆ ಸೇರಿರಬೇಕು ಅಂದರು ಮೇಸ್ತ್ರಿ. ಉಪ್ಪುಕಾಗದದಲ್ಲಿ ಉಜ್ಜಿ, ಹೊಸ ಥಿಂಬಲ್ ಒತ್ತಿ, ಫ್ಯಾನು ಟೇಪಿಗೆ ಬ್ಯಾಟರಿಯಿಂದಲೇ ಫ್ಯೂಸ್ ಹಾಕಿ ಬೇರೆ ಲೈನ್ ಎಳೆದರು. (ನಡುವೆ ಬೀಡಿ ಹಚ್ಚಲು ಬಂದ ಕ್ಲೀನರ್ ಹುಡುಗನಿಗೆ ಸರಿಯಾಗಿ ಬಿತ್ತು. ಕುದ್ದ ಬ್ಯಾಟರಿ ಹತ್ತಿರ ಹೈಡ್ರೋಜನ್ ಇರುತ್ತೆ, ಕಿಡಿ ತಗುಲಿದರೆ ಸಿಡಿಯುತ್ತೆ.) ಮತ್ತೆ ಸ್ಟಾರ್ಟ್ ಮಾಡಿದಾಗ 14.3. ಫ್ಯಾನ್ ಹಾಕಿದರೂ ಏರಲಿಲ್ಲ.

ಕೂಲಿ ಸಾಮಾನು ಸೇರಿ 450 ರೂಪಾಯಿ. ಚಿಕ್ಕಪ್ಪ 500ರ ನೋಟು ಕೊಟ್ಟು ಚಿಲ್ಲರೆ ಇಸ್ಕೊಳ್ಳಲಿಲ್ಲ.

"ಈ ಬ್ಯಾಟರೀಲೂ ಒಂದು ಸೆಲ್ಲು ಸೊರಗಿದೆ ಅಣ್ಣಾ. ದೀಪಾವಳಿವರೆಗೆ ಎಳೀಬಹುದು" ಅಂದರು ಮೇಸ್ತ್ರಿ.

"ಎಳೀಲಿ ಬಿಡಪ್ಪ, ಅಷ್ಟ್ರಲ್ಲಿ ಅಟ್ಟದ ಮೇಲಿನ ಕೊಬ್ಬರಿ ಇಳ್ಸಿರ್ತೀವಿ" ಅಂದು ಚಿಕ್ಕಪ್ಪ ಲಾರಿ ಹತ್ತಿದರು.